ಪರೀಕ್ಷೆಯ ಯೋಗ್ಯತಾಪತ್ರವೂ ಬಾಳಿನ ದುಡಿಮೆಯೂ

ಪ್ರೌಢಶಾಲೆಯ ಕೊನೆಯ ತರಗತಿಯನ್ನು ಸಮೀಪಿಸುತ್ತಿರುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹತ್ತನೆಯ ತರಗತಿಯ ಆಚೆಗೂ ಓದಿ, ಹನ್ನೆರಡನೆಯ ತರಗತಿಯ ಪರೀಕ್ಷೆಯನ್ನೋ ಅದಕ್ಕೂ ಮೇಲಿನದನ್ನೋ ತೇರ್ಗಡೆ ಹೊಂದಿದರೆ, ಮುಂದೆ ತಾನು ಮಾಡಲಿರುವ ದುಡಿಮೆಗೆ ಅದರಿಂದ ನಿಜವಾಗಿ ಏನು ಪ್ರಯೋಜನ? ಮುಂಬಯಿಯಂತಹ ನಗರದಲ್ಲಿ ಈ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳು ಕಣ್ಣೆದುರಿಗೇ ದೊರೆಯುತ್ತವೆ. ಒಂದು ಕಡೆ, ಪದವಿ ಪಡೆದೂ ತಕ್ಕ ಕೆಲಸ ಸಿಗದೆ ಅಲೆಯುತ್ತಿರುವ ತರುಣರು. ಇನ್ನೊಂದು ಕಡೆ, ನಾಲ್ಕನೆಯ ಇಯತ್ತೆಯನ್ನೂ ಮುಗಿಸದೆ ಊರು ಬಿಟ್ಟು ಬಂದು, ಹತ್ತಾರು ಜನರಿಗೆ ಅನ್ನ ಕೊಡುವಷ್ಟು ಬೆಳೆದ ಹೋಟೆಲಿನ ಒಡೆಯರು. ಇವರಿಬ್ಬರನ್ನೂ ನೋಡಿದ ಹುಡುಗನೊಬ್ಬನು 'ಓದಿನಿಂದ ಆಗುವುದೇನು?' ಎಂದು ಕೇಳಿದರೆ ಅವನನ್ನು ಗದರಿಸಿ ಸುಮ್ಮನಾಗಿಸುವುದು ನ್ಯಾಯವಲ್ಲ. ಅದರಲ್ಲೂ ಮನೆಯ ಗಳಿಕೆ ಸಣ್ಣದಾಗಿ, ಬಾಡಿಗೆಗೂ ದಿನಸಿಗೂ ಮಗನ ಅಥವಾ ಮಗಳ ದುಡಿಮೆಯನ್ನೇ ಎದುರು ನೋಡುತ್ತಿರುವ ಕುಟುಂಬದಲ್ಲಿ ಇದು ಎರಡು ವರ್ಷದ ಅನ್ನದ ಲೆಕ್ಕವೇ ಆಗಿರುತ್ತದೆ. ಆದುದರಿಂದ ಈ ವಿಷಯವನ್ನು ಶಾಂತಚಿತ್ತದಿಂದ, ಉದಾಹರಣೆಗಳ ಸಹಿತವಾಗಿ ವಿಚಾರಿಸೋಣ.

ಮೊದಲು 'ಉಪಯೋಗ' ಎಂಬ ಮಾತಿನ ಅರ್ಥವನ್ನು ಬಿಡಿಸಿಕೊಳ್ಳಬೇಕು. ಶಾಲೆಯ ಮೇಲ್ತರಗತಿಯ ಓದು ದುಡಿಮೆಗೆ ಮೂರು ಬಗೆಯಲ್ಲಿ ಒದಗಬಹುದು. ಮೊದಲನೆಯದಾಗಿ, ಯೋಗ್ಯತಾಪತ್ರವು ಕೆಲವು ಬಾಗಿಲುಗಳನ್ನು ತೆರೆಯುವ ಬೀಗದ ಕೈಯಾಗುತ್ತದೆ. ಎರಡನೆಯದಾಗಿ, ಕಲಿತ ಗಣಿತ, ವಿಜ್ಞಾನ, ಭಾಷೆಗಳು ಕೆಲಸದಲ್ಲಿ ಕೈಗೆ ಬರುವ ಸಲಕರಣೆಗಳಾಗುತ್ತವೆ. ಮೂರನೆಯದಾಗಿ, ಒಂದು ಕಸುಬು ಮುಳುಗಿದಾಗ ಮತ್ತೊಂದನ್ನು ಕಲಿಯುವ ಶಕ್ತಿಯನ್ನು ಓದು ಕೊಡುತ್ತದೆ. ಈ ಮೂರನ್ನೂ ಬೆರಸಿ ಮಾತನಾಡುವುದರಿಂದಲೇ ವಾದವು ಮುಗಿಯದೆ ಉಳಿಯುತ್ತದೆ. ಒಂದೊಂದನ್ನೇ ಬೇರೆಯಾಗಿ ನೋಡಿದರೆ ಉತ್ತರವು ಸ್ಪಷ್ಟವಾಗುವುದು.

ಬಾಗಿಲು ತೆರೆಯುವ ಪತ್ರ

ಪರೀಕ್ಷೆಗೂ ನೌಕರಿಗೂ ಗಂಟು ಬಿದ್ದುದು ನಮ್ಮ ದೇಶದಲ್ಲಿ ಬಹಳ ಪುರಾತನ ಕಾಲದ ಸಂಗತಿಯಲ್ಲ. ೧೮೪೪ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು, ಸರಕಾರಿ ನೌಕರಿಗಳಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಆದ್ಯತೆ ಸಲ್ಲತಕ್ಕದ್ದೆಂದು ಗೊತ್ತುಪಡಿಸಿದನು. ೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದುವು. ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ೧೮೫೯ರಲ್ಲಿ ನಡೆಯಿತು. ಮುಂದೆ ನ್ಯಾಯಮೂರ್ತಿಗಳಾಗಿ ಕೀರ್ತಿ ಪಡೆದ ಮಹಾದೇವ ಗೋವಿಂದ ರಾನಡೆಯವರು ಅದರಲ್ಲಿ ತೇರ್ಗಡೆಯಾದವರಲ್ಲಿ ಒಬ್ಬರು. ಮೆಟ್ರಿಕ್ಯುಲೇಶನ್ ಎಂಬುದು ಮೂಲತಃ ವಿಶ್ವವಿದ್ಯಾನಿಲಯವನ್ನು ಪ್ರವೇಶಿಸುವ ಪರೀಕ್ಷೆ. ಆದರೆ ಕಚೇರಿಗಳು ಗುಮಾಸ್ತರನ್ನು ಆರಿಸುವಾಗ ಅದನ್ನೇ ಒರೆಗಲ್ಲಾಗಿ ಬಳಸತೊಡಗಿದುವು. ಕೆಲಸಕ್ಕೆ ಬಂದ ಹತ್ತು ಮಂದಿಯ ಬುದ್ಧಿಶಕ್ತಿಯನ್ನು ತೂಗಿ ನೋಡುವಷ್ಟು ವ್ಯವಧಾನವಾಗಲಿ ಸಾಧನವಾಗಲಿ ಕಚೇರಿಯ ಅಧಿಕಾರಿಗೆ ಇರಲಿಲ್ಲ. ಅಪರಿಚಿತನ ಕೈಯಲ್ಲಿದ್ದ ಪತ್ರವು ಅವನ ಪರವಾಗಿ ಮಾತನಾಡಿತು. ಇಂದಿಗೂ ಯೋಗ್ಯತಾಪತ್ರದ ಮೊದಲನೆಯ ಕೆಲಸ ಅದೇ.

ಈ ಬಾಗಿಲುಗಳು ಎಲ್ಲೆಲ್ಲಿವೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಕೇಂದ್ರ ಸರಕಾರದ ಸಿಬ್ಬಂದಿ ನೇಮಕ ಆಯೋಗವು ನಡೆಸುವ ಪರೀಕ್ಷೆಗಳನ್ನೇ ನೋಡಿರಿ. ಬಹುಕಾರ್ಯ ಸಿಬ್ಬಂದಿಯ ಪರೀಕ್ಷೆಗೆ ಹತ್ತನೆಯ ತರಗತಿ ಸಾಕು. ಅದರ ಮೇಲಿನ ಗುಮಾಸ್ತ ದರ್ಜೆಯ ಪರೀಕ್ಷೆಗೆ ಹನ್ನೆರಡನೆಯ ತರಗತಿ ಬೇಕು. ಅದಕ್ಕೂ ಮೇಲಿನದಕ್ಕೆ ಪದವಿ ಬೇಕು. ದಾದಿಯರ ಶಿಕ್ಷಣಕ್ಕೆ ಸೇರಬೇಕಾದರೆ ಹನ್ನೆರಡನೆಯ ತರಗತಿ ಮುಗಿಸಿರಬೇಕು. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕಸುಬನ್ನು ಕಲಿಯಬೇಕಾದರೆ ಗಣಿತ, ವಿಜ್ಞಾನಗಳೊಡನೆ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ಈ ಸ್ಥಳಗಳಲ್ಲಿ ಎಷ್ಟೇ ಜಾಣ್ಮೆಯಿದ್ದರೂ ಪತ್ರವಿಲ್ಲದೆ ಅರ್ಜಿಯೇ ಸ್ವೀಕೃತವಾಗದು. ಅಲ್ಲದೆ ಸರಕಾರಿ ಹುದ್ದೆಗಳಿಗೆ ವಯಸ್ಸಿನ ಮಿತಿಯೂ ಉಂಟು. ಇಪ್ಪತ್ತರಲ್ಲಿ ಬೇಡವೆನಿಸಿದ ಪತ್ರವು ಮೂವತ್ತೈದರಲ್ಲಿ ಬೇಕೆನಿಸಿದಾಗ, ಪತ್ರವನ್ನು ಪಡೆಯಬಹುದಾದರೂ ಬಾಗಿಲು ಮುಚ್ಚಿರಬಹುದು.

ಇನ್ನೊಂದು ಸಂಗತಿ. ಈ ಬಾಗಿಲುಗಳ ಹೊಸ್ತಿಲು ಕಾಲಕ್ರಮದಲ್ಲಿ ಏರುತ್ತ ಬಂದಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮೆಟ್ರಿಕ್ ಆದವನು ಬ್ಯಾಂಕಿನಲ್ಲಿ ಗುಮಾಸ್ತನಾಗಬಹುದಾಗಿತ್ತು. ಇಂದು ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ದರ್ಜೆಯ ಪರೀಕ್ಷೆಗೆ ಕೂಡಲು ಪದವಿಯೇ ಬೇಕು. ಓದಿದವರ ಸಂಖ್ಯೆ ಬೆಳೆದಂತೆ ಆರಿಸುವವರು ಜರಡಿಯ ಕಣ್ಣನ್ನು ಕಿರಿದುಮಾಡುತ್ತಾರೆ. ಇದು ನ್ಯಾಯವೋ ಅನ್ಯಾಯವೋ ಎಂದು ವಾದಿಸಬಹುದು. ಆದರೆ ಜರಡಿ ಇರುವುದಂತೂ ನಿಜ. 'ನಮ್ಮ ತಂದೆಯವರು ಹತ್ತನೆಯ ತರಗತಿಯಲ್ಲಿಯೇ ನಿಲ್ಲಿಸಿ ಚೆನ್ನಾಗಿ ಬಾಳಲಿಲ್ಲವೆ?' ಎಂಬ ಮಾತು ಇಂದಿನ ಮಗನಿಗೆ ಸರಿಯಾದ ಆಧಾರವಾಗಲಾರದು.

ಪತ್ರವಿಲ್ಲದೆ ಬೆಳೆದವರು

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹೋಟೆಲುಗಳಲ್ಲಿ ಲೋಟ ತೊಳೆದು, ಬಡಿಸಿ, ಲೆಕ್ಕ ಬರೆದು, ಕೊನೆಗೆ ಸ್ವಂತ ಹೋಟೆಲುಗಳನ್ನು ಕಟ್ಟಿದವರು ಅನೇಕರು. ಅವರಲ್ಲಿ ಹೆಚ್ಚಿನವರ ಬಳಿ ಮೇಲಿನ ಪರೀಕ್ಷೆಯ ಪತ್ರವಿರಲಿಲ್ಲ. ಹಾಗಾದರೆ ಪತ್ರವು ಅನಾವಶ್ಯಕವೆಂದು ಸಿದ್ಧವಾಯಿತಲ್ಲವೆ?

ಇದಕ್ಕೆ ಆ ಹಿರಿಯರ ನಡತೆಯೇ ಉತ್ತರ ಕೊಡುತ್ತದೆ. ಹಗಲೆಲ್ಲ ದುಡಿದ ಹೋಟೆಲು ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದುವು. ನಗರದ ಕನ್ನಡ ಸಂಘಗಳು ವಿದ್ಯಾಸಂಸ್ಥೆಗಳನ್ನು ಕಟ್ಟಿದಾಗ ಅವುಗಳಿಗೆ ಕೈಬಿಚ್ಚಿ ಹಣ ಕೊಟ್ಟವರಲ್ಲಿ ಹೋಟೆಲ್ ಉದ್ಯಮಿಗಳು ಮುಂದಿನ ಸಾಲಿನಲ್ಲಿದ್ದರು. ತಮಗೆ ಓದು ಬೇಕಿರಲಿಲ್ಲವೆಂದು ಅವರಿಗೆ ತೋರಿದ್ದರೆ ಅವರು ಶಾಲೆಗಳಿಗೆ ಹಣ ಕೊಡುತ್ತಿರಲಿಲ್ಲ. ಓದಿಲ್ಲದೆ ಏರಿದ ಮೆಟ್ಟಿಲುಗಳು ಎಷ್ಟು ಕಡಿದೆಂಬುದು ಏರಿದವರಿಗೇ ಚೆನ್ನಾಗಿ ಗೊತ್ತು. ಅಲ್ಲದೆ ಏರಿದವರು ನಮ್ಮ ಕಣ್ಣಿಗೆ ಬೀಳುತ್ತಾರೆ; ಅವರೊಡನೆಯೇ ಊರು ಬಿಟ್ಟು ಬಂದು, ಕೊನೆಯವರೆಗೂ ಲೋಟ ತೊಳೆಯುತ್ತಲೇ ಉಳಿದವರು ಕಣ್ಣಿಗೆ ಬೀಳುವುದಿಲ್ಲ. ಕಂಡವರನ್ನು ಮಾತ್ರ ಎಣಿಸಿ ತೀರ್ಮಾನಕ್ಕೆ ಬರುವುದು ತರ್ಕದೋಷ. ಹೋಟೆಲ್ ಉದ್ಯಮವೂ ಹಿಂದಿನಂತೆ ಉಳಿದಿಲ್ಲ. ೨೦೦೬ರ ಆಹಾರ ಸುರಕ್ಷತಾ ಕಾನೂನಿನ ಪ್ರಕಾರ ಅನುಮತಿಪತ್ರ, ೨೦೧೭ರ ಜುಲೈ ೧ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಲೆಕ್ಕಪತ್ರ, ಕಾರ್ಮಿಕರ ಭವಿಷ್ಯನಿಧಿಯ ಲೆಕ್ಕ, ಇವೆಲ್ಲವೂ ಇಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನ ಪಾಲಿಗೆ ಬಂದಿವೆ.

ಮತ್ತೊಂದು ಹೆಸರನ್ನು ಇಂತಹ ವಾದಗಳಲ್ಲಿ ಪದೇ ಪದೇ ಹೇಳುವುದುಂಟು. ಅದು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು. ಅವರು ಗಣಿತವೊಂದರಲ್ಲಿಯೇ ಮುಳುಗಿ ಇತರ ವಿಷಯಗಳನ್ನು ಅಲಕ್ಷಿಸಿದುದರಿಂದ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು, ಮದ್ರಾಸಿನಲ್ಲಿ ಎಫ್. ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. 'ನೋಡಿ, ಪರೀಕ್ಷೆಯಲ್ಲಿ ಸೋತವನೇ ಜಗತ್ಪ್ರಸಿದ್ಧನಾದ' ಎನ್ನುತ್ತಾರೆ. ಆದರೆ ಕಥೆಯ ಮಧ್ಯದ ಪುಟಗಳನ್ನು ಬಿಟ್ಟುಬಿಡುತ್ತಾರೆ. ಪದವಿಯಿಲ್ಲದ ಕಾರಣ ರಾಮಾನುಜನ್ ಕೆಲವು ವರ್ಷ ಸ್ಥಿರವಾದ ಕೆಲಸವಿಲ್ಲದೆ, ಬಡತನದಲ್ಲಿ, ತಮ್ಮ ಗಣಿತದ ಪುಸ್ತಕವನ್ನು ಹಿಡಿದು ದೊಡ್ಡವರ ಮನೆಬಾಗಿಲಿಗೆ ಅಲೆದರು. ೧೯೧೨ರಲ್ಲಿ ಮದ್ರಾಸ್ ಬಂದರು ಸಂಸ್ಥೆಯಲ್ಲಿ ತಿಂಗಳಿಗೆ ೩೦ ರೂಪಾಯಿ ಸಂಬಳದ ಗುಮಾಸ್ತಿಕೆ ದೊರೆಯಿತು. ೧೯೧೩ರಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರದಿಂದ ಅವರ ಬಾಳು ತಿರುಗಿತು. ೧೯೧೪ರಲ್ಲಿ ಇಂಗ್ಲೆಂಡಿಗೆ ಹೋದರು. ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ೧೯೨೦ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅಷ್ಟು ಮೊಟಕಾದ ಬಾಳಿನಲ್ಲಿ ಅಲೆದಾಟಕ್ಕೆ ಹೋದ ವರ್ಷಗಳ ಬೆಲೆ ಎಷ್ಟು? ಅಂತಹ ಮೇಧಾವಿಗೂ ಪತ್ರವಿಲ್ಲದಿರುವುದು ಅಡ್ಡಿಯಾಯಿತೆಂದ ಮೇಲೆ, ಸಾಮಾನ್ಯ ಬುದ್ಧಿಯವರಾದ ನಾವು ಅವರ ಸೋಲನ್ನು ಮಾದರಿಯಾಗಿ ತೆಗೆದುಕೊಳ್ಳುವುದು ವಿವೇಕವಲ್ಲ.

ಇದಕ್ಕೆ ಪ್ರತಿಯಾಗಿ, ಪರೀಕ್ಷೆಯಿಂದ ಬಾಗಿಲು ತೆರೆಸಿಕೊಂಡವರ ನಿದರ್ಶನವೂ ಕನ್ನಡಿಗರಲ್ಲಿಯೇ ಇದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬಡತನದಲ್ಲಿ, ಮಕ್ಕಳಿಗೆ ಮನೆಪಾಠ ಹೇಳಿ ಸಂಪಾದಿಸುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು, ೧೮೮೩ರ ಪರೀಕ್ಷೆಯಲ್ಲಿ ಪ್ರಥಮರಾದರು. ಆ ಫಲಿತಾಂಶದ ಬಲದಿಂದ ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು. ಬಾಗಿಲು ತೆರೆಯಿತು; ಅಲ್ಲಿಗೆ ಪತ್ರದ ಕೆಲಸ ಮುಗಿಯಿತು. ಸುಮಾರು ಇಪ್ಪತ್ತು ವರ್ಷಗಳ ಮೇಲೆ, ೧೯೦೩ರಲ್ಲಿ, ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದಾಗ ಅವರ ಅಂಕಪಟ್ಟಿಯನ್ನು ಯಾರೂ ಕೇಳಲಿಲ್ಲ. ನೀರು ಏರಿದಾಗ ತಾನಾಗಿ ತೆರೆದು, ಇಳಿದಾಗ ತಾನಾಗಿ ಮುಚ್ಚುವ ಬಾಗಿಲನ್ನು ಮಾಡಲು ಕಲಿತ ವಿಜ್ಞಾನವೂ ಬೇಕಾಯಿತು, ಇಪ್ಪತ್ತು ವರ್ಷ ಕೆಲಸದಲ್ಲಿ ಗಳಿಸಿದ ಅನುಭವವೂ ಬೇಕಾಯಿತು. ಇದು ನಮ್ಮನ್ನು ಎರಡನೆಯ ಪ್ರಶ್ನೆಗೆ ತರುತ್ತದೆ.

ಕೈಗೆ ಬರುವ ಸಲಕರಣೆ

'ತ್ರಿಕೋನಮಿತಿಯಿಂದ ಏನು ಪ್ರಯೋಜನ? ಬಾಳಿನಲ್ಲಿ ಅದನ್ನು ಯಾರು ಬಳಸುತ್ತಾರೆ?' ಎಂದು ಕೇಳುವ ವಿದ್ಯಾರ್ಥಿಗಳುಂಟು. ಲೇತ್ ಯಂತ್ರದಲ್ಲಿ ಕೆಲಸಮಾಡುವವನು ಬಳಸುತ್ತಾನೆ. ಒಂದು ಉಕ್ಕಿನ ಸರಳಿನ ದಪ್ಪ ತುದಿ ೩೦ ಮಿಲಿಮೀಟರ್, ಸಣ್ಣ ತುದಿ ೨೦ ಮಿಲಿಮೀಟರ್, ಉದ್ದ ೫೦ ಮಿಲಿಮೀಟರ್ ಬರುವಂತೆ ಓರೆಯಾಗಿ ಕಡೆಯಬೇಕೆಂದು ಭಾವಿಸಿರಿ. ಉಳಿಯನ್ನು ಎಷ್ಟು ಕೋನಕ್ಕೆ ತಿರುಗಿಸಬೇಕು? ಎರಡು ವ್ಯಾಸಗಳ ವ್ಯತ್ಯಾಸ ೧೦. ಅದನ್ನು ಉದ್ದದ ಇಮ್ಮಡಿಯಾದ ೧೦೦ರಿಂದ ಭಾಗಿಸಿದರೆ ೦.೧. ಯಾವ ಕೋನದ ಟ್ಯಾಂಜೆಂಟ್ ೦.೧ ಆಗುವುದೋ ಆ ಕೋನ, ಎಂದರೆ ಸುಮಾರು ೫.೭ ಡಿಗ್ರಿ. ಇದನ್ನು ಬಲ್ಲವನು ಮೊದಲ ಸಲವೇ ಸರಿಯಾಗಿ ಕಡೆಯುತ್ತಾನೆ. ಅರಿಯದವನು ಎರಡು ಸರಳು ಕೆಡಿಸಿ ಮೂರನೆಯದರಲ್ಲಿ ಕಲಿಯುತ್ತಾನೆ, ಇಲ್ಲವೆ ಯಾವಾಗಲೂ ಇನ್ನೊಬ್ಬರನ್ನು ಕೇಳುತ್ತಿರುತ್ತಾನೆ.

ಆಸ್ಪತ್ರೆಯ ದಾದಿಯ ಕೆಲಸವನ್ನು ನೋಡಿರಿ. ರೋಗಿಗೆ ೫೦೦ ಮಿಲಿಲೀಟರ್ ದ್ರವವನ್ನು ೪ ಗಂಟೆಗಳಲ್ಲಿ ರಕ್ತನಾಳಕ್ಕೆ ಏರಿಸಬೇಕೆಂದು ವೈದ್ಯರು ಬರೆದಿದ್ದಾರೆ. ನಳಿಕೆಯಲ್ಲಿ ೧ ಮಿಲಿಲೀಟರಿಗೆ ೨೦ ಹನಿ ಬೀಳುತ್ತದೆ. ಒಟ್ಟು ಹನಿಗಳು ೧೦,೦೦೦. ಒಟ್ಟು ನಿಮಿಷಗಳು ೨೪೦. ಭಾಗಿಸಿದರೆ ನಿಮಿಷಕ್ಕೆ ಸುಮಾರು ೪೨ ಹನಿ. ಈ ಲೆಕ್ಕ ಏಳನೆಯ ತರಗತಿಯ ಪ್ರಮಾಣದ ಲೆಕ್ಕವೇ. ಆದರೆ ನಡುರಾತ್ರಿಯಲ್ಲಿ, ಆಯಾಸದಲ್ಲಿ, ತಪ್ಪದೆ ಮಾಡಬೇಕು. ತಪ್ಪಿದರೆ ಹೋಗುವುದು ಅಂಕವಲ್ಲ.

ವಿದ್ಯುತ್ ಕೆಲಸದವನ ಉದಾಹರಣೆಯೂ ಹೀಗೆಯೇ. ೨,೦೦೦ ವ್ಯಾಟ್‌ನ ನೀರು ಕಾಯಿಸುವ ಯಂತ್ರವನ್ನು ೨೩೦ ವೋಲ್ಟ್‌ನ ಮನೆಗೆ ಜೋಡಿಸಬೇಕು. ೨,೦೦೦ವನ್ನು ೨೩೦ರಿಂದ ಭಾಗಿಸಿದರೆ ಸುಮಾರು ೮.೭ ಆಂಪಿಯರ್. ಹಾಗಾದರೆ ೬ ಆಂಪಿಯರಿನ ಸಣ್ಣ ಸಾಕೆಟ್ ಸಾಲದು, ೧೬ ಆಂಪಿಯರಿನದೇ ಬೇಕು. ಇದನ್ನು ಅರಿಯದೆ ಜೋಡಿಸಿದರೆ ತಂತಿ ಕಾದು ಬೆಂಕಿ ಹತ್ತಬಹುದು.

ಯಾವ ಕಸುಬಿನವನಿಗೂ ತಪ್ಪದ ಒಂದು ಲೆಕ್ಕವೆಂದರೆ ಸಾಲದ ಲೆಕ್ಕ. 'ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಮಾತ್ರ' ಎಂದು ಸಾಲ ಕೊಡುವವನು ಹೇಳಿದಾಗ ಅದು ಅಲ್ಪವೆಂದು ತೋರುತ್ತದೆ. ಹತ್ತು ಸಾವಿರ ರೂಪಾಯಿಗೆ ಸರಳಬಡ್ಡಿಯಾದರೆ ವರ್ಷಕ್ಕೆ ೨,೪೦೦ ರೂಪಾಯಿ. ಬಡ್ಡಿಯನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸುವ ಚಕ್ರಬಡ್ಡಿಯಾದರೆ ಸುಮಾರು ೨,೬೮೨ ರೂಪಾಯಿ. ಒಂದು ವರ್ಷಕ್ಕೆ ವ್ಯತ್ಯಾಸ ೨೮೨ ರೂಪಾಯಿ. ವರ್ಷಗಳು ಕಳೆದಂತೆ ಅದು ಬೆಳೆಯುತ್ತಲೇ ಹೋಗುತ್ತದೆ. ವ್ಯಾಪಾರದಲ್ಲಿಯೂ ಹಾಗೆಯೇ. ೮೦ ರೂಪಾಯಿಗೆ ಕೊಂಡುದನ್ನು ೧೦೦ಕ್ಕೆ ಮಾರಿದರೆ, ಕೊಂಡ ಬೆಲೆಯ ಮೇಲೆ ಲಾಭ ಶೇಕಡಾ ೨೫, ಮಾರಿದ ಬೆಲೆಯ ಮೇಲೆ ಶೇಕಡಾ ೨೦. ಯಾವುದರ ಮೇಲಿನ ಶೇಕಡಾ ಎಂದು ಕೇಳಲು ಅರಿಯದವನು ಪಾಲುದಾರಿಕೆಯ ಕರಾರಿನಲ್ಲಿ ಮೋಸಹೋಗುತ್ತಾನೆ.

ಇವುಗಳಿಂದ ಒಂದು ತತ್ತ್ವವನ್ನು ಗ್ರಹಿಸಬೇಕು. ಪತ್ರವು ಸಲಕರಣೆಯಲ್ಲ. ಮಾರ್ಗದರ್ಶಿಗಳನ್ನು ಉರುಹೊಡೆದು, ಉತ್ತರಪತ್ರಿಕೆಯ ಮೇಲೆ ಸುರಿದು, ಮರುದಿನವೇ ಮರೆತವನಿಗೆ ಬಾಗಿಲು ತೆರೆಯಬಹುದು. ಆದರೆ ಒಳಗೆ ಹೋದಮೇಲೆ ಅವನ ಕೈ ಬರಿದಾಗಿರುತ್ತದೆ. ನಕಲು ಮಾಡಿ ತೇರ್ಗಡೆಯಾದವನ ಗತಿಯೂ ಅದೇ. ಓದಿನಿಂದ ಪ್ರಯೋಜನವಿಲ್ಲವೆಂದು ದೂರುವವರಲ್ಲಿ ಕೆಲವರು, ಓದದೆಯೇ ಪತ್ರ ಪಡೆದವರು.

ಕಸುಬು ಮುಳುಗಿದಾಗ

ಮೂರನೆಯ ಉಪಯೋಗವು ಕೂಡಲೇ ಕಾಣುವುದಿಲ್ಲ. ಅದಕ್ಕೆ ಇಪ್ಪತ್ತು ಮೂವತ್ತು ವರ್ಷ ಬೇಕು. ಒಂದು ಕಾಲದಲ್ಲಿ ದಕ್ಷಿಣದಿಂದ ಮುಂಬಯಿಗೆ ಬಂದ ವಿದ್ಯಾವಂತ ತರುಣರು ಮೊದಲು ಕಲಿಯುತ್ತಿದ್ದುದು ಬೆರಳಚ್ಚು ಮತ್ತು ಶೀಘ್ರಲಿಪಿ. ೧೯೫೫ರಲ್ಲಿ ಗೋದ್ರೇಜ್ ಸಂಸ್ಥೆಯು ಮುಂಬಯಿಯಲ್ಲಿ ಬೆರಳಚ್ಚು ಯಂತ್ರಗಳನ್ನು ತಯಾರಿಸತೊಡಗಿತು. ಗಣಕಯಂತ್ರವು ಕಚೇರಿಗಳಿಗೆ ಬಂದಮೇಲೆ ಆ ಯಂತ್ರಗಳಿಗೆ ಬೇಡಿಕೆ ಕುಗ್ಗಿ, ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ತಯಾರಿಕೆಯೂ ನಿಂತಿತು. ಕೀಲಿಗಳನ್ನು ಒತ್ತುವುದೊಂದನ್ನೇ ಕಲಿತವನ ವಿದ್ಯೆ ಯಂತ್ರದೊಡನೆಯೇ ಹಳತಾಯಿತು. ಪತ್ರವನ್ನು ತಪ್ಪಿಲ್ಲದೆ ರಚಿಸಬಲ್ಲವನು, ಲೆಕ್ಕವನ್ನು ಪರಿಶೀಲಿಸಬಲ್ಲವನು ಗಣಕಯಂತ್ರದ ಮುಂದೆ ಕುಳಿತು ಮತ್ತೆ ಕೆಲಸ ಆರಂಭಿಸಿದನು. ಯಂತ್ರದ ವಿದ್ಯೆಗೆ ಆಯುಸ್ಸು ಕಡಿಮೆ. ಭಾಷೆಗೂ ಗಣಿತಕ್ಕೂ ಆಯುಸ್ಸು ಹೆಚ್ಚು.

ಇದಕ್ಕಿಂತ ಕಠಿಣವಾದ ಪಾಠವನ್ನು ಮುಂಬಯಿಯ ಬಟ್ಟೆ ಗಿರಣಿಗಳು ಕಲಿಸಿದುವು. ೧೯೮೨ರ ಜನವರಿ ೧೮ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಭಾಗಿಗಳಾದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದುವು. ಗಿರಣಿಗಳಿದ್ದ ಪರಳ, ಲಾಲಬಾಗ, ವರಳಿಗಳಲ್ಲಿ ಇಂದು ಗಗನಚುಂಬಿ ಕಟ್ಟಡಗಳು ನಿಂತಿವೆ. ಮಗ್ಗದ ಕೆಲಸದಲ್ಲಿ ನಿಪುಣರಾಗಿದ್ದವರು ಕಾವಲುಗಾರರಾದರು, ತರಕಾರಿ ಮಾರಿದರು, ಊರಿಗೆ ಮರಳಿದರು. ಅವರಲ್ಲಿ ನೈಪುಣ್ಯದ ಕೊರತೆಯಿರಲಿಲ್ಲ. ಆದರೆ ಆ ನೈಪುಣ್ಯವು ಒಂದೇ ಗಿರಣಿಯ ಒಂದೇ ಯಂತ್ರಕ್ಕೆ ಕಟ್ಟಿಹಾಕಿದಂತಿತ್ತು. ಹೊಸ ಕೆಲಸದ ಅರ್ಜಿಯಲ್ಲಿ ಬರೆಯಲು ಬೇರೆ ಯೋಗ್ಯತೆ ಅವರಲ್ಲಿ ಅನೇಕರಿಗೆ ಇರಲಿಲ್ಲ. ನೀವು ಇಂದು ಹಿಡಿಯುವ ಕೆಲಸ ನಿಮ್ಮ ಐವತ್ತನೆಯ ವಯಸ್ಸಿನವರೆಗೆ ಇದೇ ರೂಪದಲ್ಲಿರುವುದೆಂದು ಯಾರೂ ಭರವಸೆ ಕೊಡಲಾರರು. ಆ ದಿನಕ್ಕೆ ಕೂಡಿಟ್ಟ ಬುತ್ತಿಯೇ ಮೇಲಿನ ಓದು.

ಪತ್ರದ ಮಿತಿ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಮುಚ್ಚಿಡದೆ ಹೇಳಬೇಕು. ಪತ್ರವು ಕೆಲಸವನ್ನು ಸೃಷ್ಟಿಸಲಾರದು. ನಮ್ಮ ದೇಶದ ಸರಕಾರಿ ಸಮೀಕ್ಷೆಗಳಲ್ಲಿ ನಿರುದ್ಯೋಗದ ಪ್ರಮಾಣ ನಿರಕ್ಷರರಿಗಿಂತ ಪದವೀಧರರಲ್ಲಿಯೇ ಹೆಚ್ಚಾಗಿ ಕಂಡುಬರುತ್ತದೆ. ಇದನ್ನು ಓದಿ ಕೆಲವರು ಓದೇ ನಿರುದ್ಯೋಗಕ್ಕೆ ಕಾರಣವೆನ್ನುತ್ತಾರೆ. ಅದು ಸರಿಯಲ್ಲ. ಕಡುಬಡವನಿಗೆ ಕೆಲಸವಿಲ್ಲದೆ ಕುಳಿತುಕೊಳ್ಳುವ ಅನುಕೂಲವೇ ಇಲ್ಲ. ಸಿಕ್ಕ ಕೂಲಿಯನ್ನು ಅವನು ಹಿಡಿಯುತ್ತಾನೆ, ಆದಕಾರಣ ನಿರುದ್ಯೋಗಿಗಳ ಪಟ್ಟಿಯಲ್ಲಿ ಸೇರುವುದಿಲ್ಲ. ಓದಿದವನು ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ. ಆದರೂ ಕಾಯುವವರ ಸಾಲು ಉದ್ದವಾಗಿರುವುದು ಸುಳ್ಳಲ್ಲ. ಯಾವುದಾದರೊಂದು ಪದವಿ ಸಾಕೆಂದು ಕುರುಡಾಗಿ ಓದಿದರೆ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ.

ಆದುದರಿಂದ 'ಮೇಲಿನ ಓದು' ಎಂದರೆ ಕಾಲೇಜು ಒಂದೇ ಎಂದು ತಿಳಿಯಬಾರದು. ೧೯೫೦ರಿಂದ ನಡೆದುಬಂದಿರುವ ಕುಶಲಕರ್ಮಿಗಳ ತರಬೇತಿ ಯೋಜನೆಯ ಕೈಗಾರಿಕಾ ಸಂಸ್ಥೆಗಳಿವೆ. ೧೯೬೧ರ ಶಿಶಿಕ್ಷು ಕಾನೂನಿನ ಪ್ರಕಾರ ಕಾರ್ಖಾನೆಗಳಲ್ಲಿ ವೇತನ ಪಡೆಯುತ್ತಲೇ ಕಸುಬು ಕಲಿಯುವ ಅವಕಾಶವಿದೆ. ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷ ಕಲಿತವನು ನಿಯಮಾನುಸಾರ ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೂ ನೇರವಾಗಿ ಸೇರಬಹುದು. ಕೈಕೆಲಸದಿಂದ ಆರಂಭಿಸಿದವನಿಗೆ ಮೇಲಿನ ಮೆಟ್ಟಿಲು ತಪ್ಪಿಹೋಗುವುದಿಲ್ಲ.

ಎರಡು ವರ್ಷದ ಲೆಕ್ಕ

ಈಗ ಮನೆಯ ಲೆಕ್ಕಕ್ಕೆ ಬರೋಣ. ಹತ್ತನೆಯ ತರಗತಿ ಮುಗಿಸಿದವನಿಗೆ ತಿಂಗಳಿಗೆ ೧೨,೦೦೦ ರೂಪಾಯಿಯ ಕೆಲಸ ಸಿಗುವುದೆಂದು ಲೆಕ್ಕಕ್ಕಾಗಿ ಭಾವಿಸಿರಿ. ಎರಡು ವರ್ಷ ಓದಿದರೆ ಬಿಟ್ಟುಕೊಟ್ಟ ಗಳಿಕೆ ೨,೮೮,೦೦೦ ರೂಪಾಯಿ. ಬಡ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ತಂದೆತಾಯಿಗಳು ಹಿಂಜರಿದರೆ ಅವರನ್ನು ಅಜ್ಞಾನಿಗಳೆನ್ನಬಾರದು. ಓದಿದ ಮೇಲೆ ತಿಂಗಳಿಗೆ ೩,೦೦೦ ರೂಪಾಯಿ ಹೆಚ್ಚು ದೊರೆತರೆ ಈ ಮೊತ್ತ ೯೬ ತಿಂಗಳಲ್ಲಿ, ಎಂದರೆ ೮ ವರ್ಷಗಳಲ್ಲಿ ಮರಳಿ ಬರುತ್ತದೆ. ದುಡಿಮೆಯ ಬಾಳು ಸುಮಾರು ೪೦ ವರ್ಷದ್ದು. ಉಳಿದ ವರ್ಷಗಳಲ್ಲಿ ಬರುವುದೆಲ್ಲ ಹೆಚ್ಚಳವೇ. ನಿಮ್ಮ ಮನೆಯ ಸಂಖ್ಯೆಗಳು ಬೇರೆಯಾಗಿರಬಹುದು. ಲೆಕ್ಕದ ವಿಧಾನ ಇದೇ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೆಕ್ಕವನ್ನೇ ಮಾಡದೆ ಓದು ನಿಲ್ಲಿಸುವ ಪರಿಪಾಠ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಅವಳ ದುಡಿಮೆಯ ಬಾಳೂ ಅಷ್ಟೇ ಉದ್ದದ್ದು. ಆಪತ್ತು ಬಂದಾಗ ಮನೆಯನ್ನು ಎತ್ತಿ ಹಿಡಿಯಬೇಕಾಗುವವಳು ಅನೇಕ ಸಲ ಅವಳೇ.

ಓದನ್ನು ನಿಲ್ಲಿಸಲೇಬೇಕಾದವರೂ ನಿರಾಶರಾಗಬೇಕಾಗಿಲ್ಲ. ಮುಂಬಯಿಯಲ್ಲಿ ರಾತ್ರಿಶಾಲೆಗಳಿವೆ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಗೆ ೧೭ನೆಯ ನಮೂನೆಯ ಅರ್ಜಿ ಸಲ್ಲಿಸಿ ಖಾಸಗಿಯಾಗಿ ಪರೀಕ್ಷೆಗೆ ಕೂಡಬಹುದು. ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯೂ, ಅದೇ ವರ್ಷ ನಾಸಿಕದಲ್ಲಿ ಸ್ಥಾಪಿತವಾದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾನಿಲಯವೂ ದುಡಿಯುವವರಿಗಾಗಿಯೇ ಇವೆ. ಆದರೆ ಹಗಲೆಲ್ಲ ದುಡಿದು ರಾತ್ರಿ ಓದುವುದು ಕಷ್ಟಸಾಧ್ಯ. ಹಗಲಿನಲ್ಲಿ ಓದುವ ಭಾಗ್ಯವುಳ್ಳವರು ಅದನ್ನು ಅಗ್ಗವಾಗಿ ಎಣಿಸಬಾರದು.

ಕನ್ನಡ ಮಾಧ್ಯಮದವರಿಗೆ ಒಂದು ಮಾತು

ನಮ್ಮ ಶಾಲೆಯ ಮಕ್ಕಳ ಮನಸ್ಸಿನಲ್ಲಿ ಇನ್ನೊಂದು ಅಳುಕು ಇರುವುದುಂಟು: 'ಕನ್ನಡದಲ್ಲಿ ಬರೆದ ಪರೀಕ್ಷೆಗೆ ನಗರದಲ್ಲಿ ಬೆಲೆಯುಂಟೆ?' ಮಂಡಳಿಯ ಪತ್ರ ಎಲ್ಲ ಮಾಧ್ಯಮದವರಿಗೂ ಒಂದೇ, ಪಠ್ಯಕ್ರಮವೂ ಒಂದೇ. ತೊಡಕು ಬರುವುದು ಮುಂದಿನ ಎರಡು ವರ್ಷಗಳಲ್ಲಿ, ಪಾಠಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುವಾಗ. ವೇಗೋತ್ಕರ್ಷವನ್ನು ಚೆನ್ನಾಗಿ ಗ್ರಹಿಸಿದವನು 'ಆಕ್ಸಲರೇಶನ್' ಎಂಬ ಹೆಸರನ್ನು ಒಂದು ದಿನದಲ್ಲಿ ಕಲಿಯಬಲ್ಲನು; ಗ್ರಹಿಸದವನಿಗೆ ಯಾವ ಭಾಷೆಯ ಹೆಸರಿನಿಂದಲೂ ಲಾಭವಿಲ್ಲ. ಆದುದರಿಂದ ಒಂಬತ್ತನೆಯ ತರಗತಿಯಿಂದಲೇ ಒಂದು ಟಿಪ್ಪಣಿ ಪುಸ್ತಕವನ್ನಿಟ್ಟು, ಗಣಿತ ವಿಜ್ಞಾನಗಳ ಪ್ರತಿಯೊಂದು ಪಾರಿಭಾಷಿಕ ಶಬ್ದದ ಎದುರಿಗೆ ಅದರ ಇಂಗ್ಲಿಷ್ ಹೆಸರನ್ನು ಬರೆದುಕೊಳ್ಳಿರಿ. ದಿನಕ್ಕೆ ಮೂರು ಶಬ್ದದಂತೆ ಎರಡು ವರ್ಷದ ಶಾಲಾದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಶಬ್ದಗಳಾಗುತ್ತವೆ. ಕಾಲೇಜಿನ ಮೊದಲ ತಿಂಗಳುಗಳ ಗಾಬರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳಲ್ಲಿ ವ್ಯವಹರಿಸಬಲ್ಲ ನಿಮ್ಮ ಶಕ್ತಿ ಅಂಗಡಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ಕಚೇರಿಯಲ್ಲಿಯೂ ಬೆಲೆಯುಳ್ಳದ್ದೆಂಬುದನ್ನು ಮರೆಯಬೇಡಿರಿ.

'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂಬ ಗಾದೆ ನಿಮಗೆಲ್ಲ ತಿಳಿದಿದೆ. ಓದನ್ನು ಹಗುರಮಾಡಲು ಇದನ್ನು ಬಳಸುವವರುಂಟು. ಗಾದೆಯು ಓದಿಗೆ ಕಾಲು ಪಾಲನ್ನು ಕೊಟ್ಟಿದೆ, ಸೊನ್ನೆಯನ್ನು ಕೊಟ್ಟಿಲ್ಲ. ಬುದ್ಧಿಯೆಂಬ ಮುಕ್ಕಾಲು ಪಾಲು ಕೆಲಸದ ಅನುಭವದಿಂದ, ಹಿರಿಯರ ಸಹವಾಸದಿಂದ, ತಪ್ಪುಗಳಿಂದ ಬರತಕ್ಕದ್ದು; ಅದನ್ನು ಶಾಲೆಯೊಂದೇ ಕೊಡಲಾರದು. ಆದರೆ ಕಾಲು ಪಾಲನ್ನು ಗಳಿಸುವ ಕಾಲ ಈಗ ನಿಮ್ಮ ಕೈಯಲ್ಲಿದೆ, ಮುಂದೆ ಅದು ಸುಲಭವಾಗಿ ದೊರೆಯದು. ಈ ವರ್ಷದ ಫಲಿತಾಂಶ ಬಂದಮೇಲೆ ತಂದೆತಾಯಿಗಳೊಡನೆ ಕುಳಿತು, ಕಾಗದ ಲೇಖನಿ ಹಿಡಿದು, ಯಾವ ಬಾಗಿಲು, ಯಾವ ಸಲಕರಣೆ, ಎಷ್ಟು ವರ್ಷ, ಎಷ್ಟು ವೆಚ್ಚ ಎಂಬುದನ್ನು ಬರೆದು ನೋಡಿರಿ. ಸಂಶಯವಿದ್ದಲ್ಲಿ ಉಪಾಧ್ಯಾಯರನ್ನು ಕೇಳಿರಿ. ಹಾಗೆ ವಿಚಾರಿಸಿ ಆರಿಸಿಕೊಂಡ ದಾರಿ ಕಾಲೇಜಿನದಾಗಲಿ, ಕಾರ್ಖಾನೆಯದಾಗಲಿ, ನಿಮಗೆ ಯಶಸ್ಸನ್ನು ತರಲಿ ಎಂದು ಹಾರೈಸುತ್ತೇವೆ.